ಪಡುವಣ ಕಾಲುವೆಯ ಸುಣ್ಣ

ಬೆಟ್ಟವನ್ನೇ ಕೊರೆದು ಕಟ್ಟಿದ ಕೋಟೆ ಅದು. ಒಳಗೆ ಹುಟ್ಟಿ ಒಳಗೇ ಮುದುಕರಾದವರು ಎಷ್ಟೋ ಮಂದಿ ಇದ್ದರು. ಅದರ ಓಣಿಗಳನ್ನೆಲ್ಲ ತುಳಿದವರು ಮಾತ್ರ ಒಬ್ಬರೂ ಇರಲಿಲ್ಲ. ಹೊರಗೆ ವರ್ಷದ ಬಹುಪಾಲು ಹಿಮ. ಅಷ್ಟು ದೊಡ್ಡ ಕಲ್ಲಿನ ಹೊಟ್ಟೆಯನ್ನು ಬೆಂಕಿ ಹಾಕಿ ಬೆಚ್ಚಗಿಡುತ್ತೇವೆಂದು ಹೊರಟರೆ ಸುತ್ತಲಿನ ಕಾಡೆಲ್ಲ ಕಡಿದರೂ ಒಂದು ಚಳಿಗಾಲಕ್ಕೆ ಸಾಲದು. ಕೋಟೆಯನ್ನು ಕಾಯಿಸುತ್ತಿದ್ದದ್ದು ನೀರು. ನೆತ್ತಿಯ ಹತ್ತಿರ, ಬಂಡೆಯ ಸೀಳಿನಲ್ಲಿ, ಕುದಿನೀರಿನ ಬುಗ್ಗೆಯೊಂದಿತ್ತು. ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ಕಾಲುವೆಗಳು ಹೊರಟು, ನೆಲಹಾಸಿನ ಕೆಳಗೆ, ಗೋಡೆಗಳ ಒಳಗೆ ಸುತ್ತಿ ಸುತ್ತಿ, ಮಹಡಿಯಿಂದ ಮಹಡಿಗೆ ಇಳಿದು, ಕೊನೆಗೆ ಹೆಬ್ಬಾಗಿಲ ಬಳಿ ಬಟ್ಟೆ ಒಗೆಯುವ ಕಟ್ಟೆಗೆ ಉಗುರುಬೆಚ್ಚಗಾಗಿ ಬಂದು ಬೀಳುತ್ತಿದ್ದವು. ಮೇಲಿನವರು ಬರಿಗಾಲಲ್ಲಿ ಓಡಾಡುತ್ತಿದ್ದರು. ಕೆಳಗಿನವರು ಕಾಲಿಗೆ ಕಂಬಳಿ ಸುತ್ತಿಕೊಳ್ಳುತ್ತಿದ್ದರು.

ಆ ನೀರಿಗೊಂದು ಕೆಟ್ಟ ಗುಣ. ಹರಿದಲ್ಲೆಲ್ಲ ಸುಣ್ಣ ಬಿಡುತ್ತಿತ್ತು. ಹೆರೆಯದೆ ಹಾಗೇ ಬಿಟ್ಟರೆ ಕಾಲುವೆಯ ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಕೆಳಗಿನ ಮನೆಗಳು ಒಂದೊಂದಾಗಿ ತಣ್ಣಗಾಗುತ್ತಿದ್ದವು. ಆದ್ದರಿಂದ ಸರದಿಯ ಮೇಲೆ ಒಂದೊಂದು ಕಾಲುವೆಯ ತೂಬು ಮುಚ್ಚಿ, ಕಲ್ಲು ಆರಿದ ಮೇಲೆ ಒಳಗೆ ತೆವಳಿಕೊಂಡು ಹೋಗಿ ಉಳಿಯಿಂದ ಸುಣ್ಣ ಹೆರೆಯಬೇಕು. ಕೆಳಗಿನ ಓಣಿಯೊಂದರ ಗಂಡ ಹೆಂಡತಿ ಇಬ್ಬರೂ ಆ ಕೆಲಸದವರು. ಹೆಂಡತಿಯ ಹುಬ್ಬು, ಕೂದಲು, ಉಗುರುಸಂದಿ ಯಾವಾಗಲೂ ಬೆಳ್ಳಗಿರುತ್ತಿದ್ದುದರಿಂದ ಓಣಿಯವರು ಅವಳಿಗೆ ಸುಣ್ಣಕ್ಕ ಎಂದೇ ಹೆಸರಿಟ್ಟಿದ್ದರು.

ಗಂಡ ಸತ್ತದ್ದು ಪಡುವಣ ಕಾಲುವೆಯಲ್ಲಿ. ಹೆರೆಯುವವನು ಕೆಳಗಿನ ಬಾಯಿಂದ ಹೊರಬಂದು ಸುತ್ತಿಗೆಯಿಂದ ಗೋಡೆಗೆ ಬಡಿಯಬೇಕು. ಸದ್ದು ಕಲ್ಲಿನೊಳಗೇ ಏರಿ ಮೇಲಿನ ತೂಬಿನವನಿಗೆ ಕೇಳುತ್ತದೆ. ಆಮೇಲೆ ಅವನು ತೂಬಿನ ಹಲಗೆ ಎತ್ತಿ ಕುದಿನೀರು ಬಿಡುತ್ತಾನೆ. ತಲೆತಲಾಂತರದಿಂದ ಹಾಗೇ ನಡೆದುಬಂದಿತ್ತು. ಆ ದಿನ ನಡುಮಹಡಿಯಲ್ಲಿ ಯಾರೋ ಗೋಡೆ ಒಡೆಸುತ್ತಿದ್ದರು. ತೂಬಿನವನು ಆ ಬಡಿತವನ್ನೇ ಕೇಳಿ ಹಲಗೆ ಎತ್ತಿಬಿಟ್ಟ. ಸುಣ್ಣಕ್ಕನ ಗಂಡ ಆಗ ಇನ್ನೂ ಒಳಗಿದ್ದ.

ತೂಬಿನವನು ಹೊರಗಿನವನೇನಲ್ಲ. ಸತ್ತವನ ದೊಡ್ಡಮ್ಮನ ಮಗ, ಸುಣ್ಣಕ್ಕನಿಗೆ ಭಾವ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ಆ ಅಣ್ಣತಮ್ಮಂದಿರಿಬ್ಬರೂ. ಅಂದಿನಿಂದ ಅವನು ಇವರ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಸುಣ್ಣಕ್ಕ ಅಳಲಿಲ್ಲ. ಬೇಕೆಂದೇ ತಡೆದುಕೊಂಡದ್ದೂ ಅಲ್ಲ. ಬಹಳ ಹೊತ್ತು ಮಡಚಿ ಕುಳಿತ ಕಾಲಿಗೆ ಜೋಮು ಹಿಡಿದಂತೆ ಅವಳ ಒಳಗೆಲ್ಲ ಜೋಮು ಹಿಡಿದಿತ್ತು. ಕಾಲಾದರೆ ಸ್ವಲ್ಪ ಹೊತ್ತಿಗೆ ಚುರುಗುಟ್ಟಿ ಸರಿಹೋಗುತ್ತದೆ, ಇದು ಹೋಗಲಿಲ್ಲ. ಓಣಿಯ ಹೆಂಗಸರು "ಎದೆ ಕಲ್ಲು ಕಣಮ್ಮ ಅವಳದು" ಎಂದರು. ಅದು ಅವಳ ಕಿವಿಗೂ ಬಿತ್ತು. ಇರಬಹುದು ಎಂದುಕೊಂಡಳು.

ಹೆಣ ತೆಗೆಯಲೆಂದು ಮತ್ತೆ ಮುಚ್ಚಿದ ಪಡುವಣ ಕಾಲುವೆ ಮುಚ್ಚಿಯೇ ಉಳಿಯಿತು. ಹೆರೆದು ಮುಗಿಸದೆ ನೀರು ಬಿಡುವಂತಿರಲಿಲ್ಲ, ಒಳಗೆ ಇಳಿಯಲು ಯಾರಿಗೂ ಧೈರ್ಯವಿರಲಿಲ್ಲ. ಮೇಸ್ತ್ರಿ ಒಮ್ಮೆ ಬಂದು, "ನೋಡಮ್ಮ, ಆ ಕಡೆ ಮನೆಗಳೆಲ್ಲ ತಣ್ಣಗೆ ಕೊರೀತಾ ಇವೆ. ಹೆರೆಯೋಕೆ ಆಗುತ್ತಾ?" ಎಂದು ಕೇಳಿದ.

"ಆಗಲ್ಲ. ಸುಣ್ಣ ಕಲ್ಲಾಗಿದೆ," ಎಂದಳು ಸುಣ್ಣಕ್ಕ. ಅವಳು ಅದರ ಬಾಯಿಯ ಹತ್ತಿರಕ್ಕೂ ಹೋಗಿರಲಿಲ್ಲ.

ಅವಳ ಮನೆಯೂ ಪಡುವಣ ಓಣಿಯಲ್ಲೇ. ಒಂದೇ ಕೋಣೆ, ಒಂದು ಕಲ್ಲಿನ ಜಗಲಿ, ಅದರ ಮೇಲೆ ಅತ್ತೆಯ ಹಾಸಿಗೆ. ಮೊದಲು ಜಗಲಿಯ ಕೆಳಗೆ ಬಿಸಿನೀರು ಹರಿಯುತ್ತಿತ್ತು. ಈಗ ಒಂದು ಅಗ್ಗಿಷ್ಟಿಕೆ, ಕಣ್ಣು ಉರಿಸುವ ಹೊಗೆ. ಅತ್ತೆಯ ಬಾಯಿ ಮಾತ್ರ ಯಾವ ಚಳಿಗೂ ಹೆಪ್ಪುಗಟ್ಟುವಂಥದ್ದಲ್ಲ. "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ಅದು ನಮ್ಮ ಕೋಟೆ ನೋಡೇ ಹೇಳಿದ್ದು. ಮೇಲಿನವರಿಗೆ ಬೆಣ್ಣೆ, ನಮಗೆ ಸುಣ್ಣ. ಅದೂ ನನ್ನ ಸೊಸೆಯೇ ಹೆರೆದು ತಂದಿದ್ದು!" ಎಂದು ತಾನೇ ನಗುತ್ತಿದ್ದಳು, ಕೆಮ್ಮುತ್ತಿದ್ದಳು, ಮತ್ತೆ ನಗುತ್ತಿದ್ದಳು. ಸುಣ್ಣಕ್ಕ ಹೂಂಗುಟ್ಟುತ್ತ ಗಂಜಿ ಕಾಯಿಸುತ್ತಿದ್ದಳು. ಸತ್ತವನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಗಂಡ ಹೋದ ಮೇಲಿನ ಎರಡನೆಯ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿಯಿತು. ಮನೆಗೆ ಬಂದರೆ ಅತ್ತೆ ಇಲ್ಲ, ಅಗ್ಗಿಷ್ಟಿಕೆ ಆರಿದೆ. ಪಕ್ಕದ ಮನೆಯವಳು ಬಾಗಿಲಿಂದಲೇ, "ಮೇಲಕ್ಕೆ ಹೋದ್ರಲ್ಲ, ದಿನಾ ಹೋಗ್ತಾರಲ್ಲ, ನಿನಗೆ ಗೊತ್ತಿಲ್ವಾ?" ಎಂದಳು.

ಮೇಲಕ್ಕೆಂದರೆ ಬುಗ್ಗೆಯ ಬಳಿಯ ತೂಬಿನ ಮನೆ. ಸುಣ್ಣಕ್ಕ ಮೆಟ್ಟಿಲು ಹತ್ತಿದಳು. ಮಹಡಿ ಏರಿದಂತೆಲ್ಲ ಗೋಡೆ ಬೆಚ್ಚಗಾಗುತ್ತ ಹೋಯಿತು. ತೂಬಿನ ಮನೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಹಬೆ. ಅತ್ತೆ ಬುಗ್ಗೆಯ ಕಟ್ಟೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು. ಅವಳ ಎದುರಿಗೆ ಕುಕ್ಕುರುಗಾಲಲ್ಲಿ ಕುಳಿತ ಭಾವ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಅವಳ ಪಾದಗಳನ್ನು ಒತ್ತುತ್ತಿದ್ದ. ಅವನ ತಲೆ ಪೂರಾ ನರೆತುಹೋಗಿತ್ತು. ಸುಣ್ಣಕ್ಕನನ್ನು ಕಂಡು ಅವನ ಕೈ ನಿಂತಿತು. ಅತ್ತೆ ಕಾಲು ಎಳೆದುಕೊಳ್ಳಲಿಲ್ಲ.

"ಬಾರೇ, ಕೂತ್ಕೋ. ಇಲ್ಲಿ ಬೆಚ್ಚಗಿದೆ," ಎಂದಳು.

ಈಗ ಸಿಟ್ಟು ಬರಬೇಕು ಎಂದು ಸುಣ್ಣಕ್ಕನಿಗೆ ಅನಿಸಿತು. ಬರಲೆಂದು ಕಾದಳು. ಬರಲಿಲ್ಲ. ಅತ್ತೆಯ ಹಿಮ್ಮಡಿ ಒಡೆದು ರಕ್ತ ಒಸರುತ್ತಿದ್ದುದು ಮಾತ್ರ ಕಾಣಿಸಿತು. ಒಂದೇ ಕೋಣೆಯಲ್ಲಿದ್ದೂ ತಾನು ಅದನ್ನು ನೋಡಿರಲಿಲ್ಲ.

ಇಳಿಯುವಾಗ ಅತ್ತೆಯ ತೋಳು ಹಿಡಿದುಕೊಂಡಳು. ಅರ್ಧ ದಾರಿಯಲ್ಲಿ ಅತ್ತೆ ಉಸಿರು ತೆಗೆದುಕೊಳ್ಳಲು ನಿಂತು ಹೇಳಿದಳು: "ಹೊಟ್ಟೆಯಲ್ಲಿ ಹುಟ್ಟಿದವನು ಹೋದ. ಇವನೂ ನನ್ನ ಮಡಿಲಲ್ಲೇ ಬೆಳೆದವನು ಕಣೇ. ಇವನನ್ನೂ ಕಳ್ಕೊಂಡ್ರೆ ನನಗೆ ಉಳಿಯೋದೇನು? ಮೊದಲ ದಿನ ಬೈಯೋಕೇ ಹೋಗಿದ್ದೆ. ಕಾಲು ಬೆಚ್ಚಗಾಯ್ತು, ಬೈಯೋದು ಮರೆತೇ ಹೋಯ್ತು."

ಇನ್ನೂ ಕೆಲವು ಮೆಟ್ಟಿಲು ಇಳಿದ ಮೇಲೆ ಸುಣ್ಣಕ್ಕ, "ಸುಣ್ಣ ಕಲ್ಲಾಗಿದೆಯೋ ಇಲ್ಲವೋ ನಾನು ನೋಡಿಲ್ಲ ಅತ್ತೆ," ಎಂದಳು.

"ಗೊತ್ತು," ಎಂದಳು ಅತ್ತೆ. "ನಡಿ, ಮಂಡಿ ನೋಯ್ತಿದೆ."

ಮಾರನೆಯ ಬೆಳಿಗ್ಗೆ ಸುಣ್ಣಕ್ಕ ಉಳಿ, ಸುತ್ತಿಗೆ, ಲಾಂದ್ರ ಹಿಡಿದು ತೂಬಿನ ಮನೆಗೆ ಹೋದಳು. ಭಾವ ಎದ್ದು ನಿಂತ.

"ಪಡುವಣದಲ್ಲಿ ಇಳೀತೀನಿ ಭಾವ."

"ಬೇಡಮ್ಮ. ಬೇರೆ ಯಾರನ್ನಾದ್ರೂ ಇಲ್ಲಿ ಕೂರಿಸಿ ಇಳಿ. ನನ್ನ ಕಿವಿ ಮೇಲೆ ನನಗೇ ನಂಬಿಕೆ ಇಲ್ಲ."

"ಕಿವಿ ಬೇಡ. ಬಡಿಯೋದೂ ಬೇಡ. ಸಾಯಂಕಾಲ ನಾನೇ ಹತ್ತಿ ಬಂದು ನಿಮ್ಮ ಮುಂದೆ ನಿಲ್ತೀನಿ. ಕಣ್ಣಾರೆ ನೋಡಿ, ಆಮೇಲೆ ಮಾತ್ರ."

ಅಷ್ಟು ಹೇಳಿ ಇಳಿದುಬಿಟ್ಟಳು. ಹಲಗೆ ಎತ್ತುವ ಸನ್ನೆಗೋಲನ್ನು ಅವನು ಗೂಟದಿಂದ ಕಿತ್ತು ತೊಡೆಯ ಮೇಲಿಟ್ಟುಕೊಂಡು ಕುಳಿತ. ದಿನವಿಡೀ ನೀರು ಕುಡಿಯಲೂ ಎದ್ದು ಹೋಗಲಿಲ್ಲವೆಂದು ಅತ್ತೆ ಆಮೇಲೆ ಹೇಳಿದಳು.

ಸುಣ್ಣ ಕಲ್ಲಾಗಿರಲಿಲ್ಲ. ಬೇರೆ ಕಾಲುವೆಗಳಲ್ಲಿ ಇರುವಂಥದ್ದೇ, ಉಳಿಗೆ ಚಕ್ಕೆಚಕ್ಕೆಯಾಗಿ ಏಳುವಂಥದ್ದು. ಮೊಣಕೈಯೂರಿ ತೆವಳುತ್ತ, ಹೆರೆದದ್ದನ್ನು ಹಿಂದಕ್ಕೆ ತಳ್ಳುತ್ತ ಹೋದಳು. ದಿನಕ್ಕಿಷ್ಟು ಎಂದು ಕೆಲಸ ಸಾಗಿತು. ಪ್ರತಿ ಸಂಜೆ ಮೈತುಂಬ ಬೆಳ್ಳಗಾಗಿ ಮೆಟ್ಟಿಲು ಹತ್ತಿ, "ಬಂದೆ ಭಾವ," ಎನ್ನುತ್ತಿದ್ದಳು. ಅವನು ತಲೆ ಆಡಿಸುತ್ತಿದ್ದ.

ಗಂಡ ಸಿಕ್ಕಿದ ತಿರುವಿಗೆ ಬಂದ ದಿನ ಅವಳು ಲಾಂದ್ರ ಎತ್ತಿ ಸುತ್ತ ನೋಡಿದಳು. ಅಲ್ಲಿ ಏನಾದರೂ ಆಗುತ್ತದೆ, ಎದೆಯಲ್ಲಿ ಏನಾದರೂ ಒಡೆಯುತ್ತದೆ ಎಂದುಕೊಂಡಿದ್ದಳು. ಅದೇ ಬಿಳಿ, ಅದೇ ಪದರಗಳು. ಆ ದಿನ ಹರಿದ ನೀರು ಬಿಟ್ಟ ಪದರವೂ ಅವುಗಳಲ್ಲಿ ಇದ್ದಿರಬೇಕು. ಯಾವುದೆಂದು ತಿಳಿಯುವ ಹಾಗಿರಲಿಲ್ಲ. ತಿರುವು ಸ್ವಲ್ಪ ಅಗಲವಿತ್ತು, ಒಬ್ಬರು ಬೆನ್ನು ನೆಟ್ಟಗೆ ಮಾಡಿ ಕೂರಬಹುದಿತ್ತು. ಕುಳಿತು, ಕಟ್ಟಿಕೊಂಡು ಬಂದಿದ್ದ ರೊಟ್ಟಿ ತಿಂದಳು. ಆಮೇಲೆ ಅಲ್ಲಿಯದನ್ನೂ ಹೆರೆದಳು.

ಕಾಲುವೆ ಮುಗಿದ ದಿನ ಮೇಲೆ ಬಂದು, "ಆಯ್ತು ಭಾವ, ಎತ್ತಿ," ಎಂದಳು. ಅವನು ಸನ್ನೆಗೋಲನ್ನು ಗೂಟಕ್ಕೆ ಸಿಕ್ಕಿಸಿದ. ಒತ್ತಲಿಲ್ಲ.

"ನೀನು ಇಲ್ಲೇ ಇದೀಯಲ್ಲ?"

"ಇಲ್ಲೇ ಇದೀನಿ."

"ಒಳಗೆ ಯಾರೂ ಇಲ್ಲ?"

"ಯಾರೂ ಇಲ್ಲ ಭಾವ."

ಮತ್ತೆ ಅದನ್ನೇ ಕೇಳಿದ. ಅವಳು ಮತ್ತೆ ಅದನ್ನೇ ಹೇಳಿದಳು. ಕೊನೆಗೆ ಸುಣ್ಣಕ್ಕ ಪಕ್ಕಕ್ಕೆ ಬಂದು ಸನ್ನೆಗೋಲಿನ ತುದಿ ಹಿಡಿದಳು. ಇಬ್ಬರೂ ಭಾರ ಹಾಕಿದರು. ಹಲಗೆ ಕಿರುಗುಟ್ಟಿ ಎದ್ದಿತು, ನೀರು ಕತ್ತಲೊಳಕ್ಕೆ ನುಗ್ಗಿತು. ಆ ಸದ್ದು ಕೆಳಕ್ಕಿಳಿದು ಅಡಗುವವರೆಗೂ ಇಬ್ಬರೂ ಅಲ್ಲೇ ನಿಂತರು. ಭಾವ ಗೋಡೆಗೆ ಹಣೆಯಿಟ್ಟು ಗೊಳೋ ಎಂದು ಅತ್ತ. ಸುಣ್ಣಕ್ಕ ಅವನನ್ನು ಸಮಾಧಾನ ಮಾಡಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ.

ಪಡುವಣ ಓಣಿಯ ಕಲ್ಲು ಬಿಸಿಯೇರಲು ಕೆಲವು ದಿನ ಹಿಡಿಯಿತು. ಜಗಲಿ ಬೆಚ್ಚಗಾದ ದಿನ ಅತ್ತೆ ಅಂಗೈಯಿಂದ ಅದನ್ನು ಸವರಿ ಸವರಿ ನೋಡಿ, "ಇನ್ನು ನಾನು ಮೆಟ್ಟಿಲು ಹತ್ತಲ್ಲ. ಬೇಕಾದ್ರೆ ಅವನೇ ಇಳಿದು ಬರಲಿ," ಎಂದು ಅಪ್ಪಣೆ ಕೊಟ್ಟಳು. ಅವನು ಬಂದ. ಹೊಸ್ತಿಲಲ್ಲಿ ತಡೆದು ನಿಂತವನನ್ನು ಅತ್ತೆಯೇ ಗದರಿಸಿ ಒಳಗೆ ಕರೆದಳು.

"ಅವನನ್ನ ಕ್ಷಮಿಸಿಬಿಟ್ಟೆಯೇನೇ?" ಎಂದು ಪಕ್ಕದ ಮನೆಯವಳು ಕೇಳಿದ್ದಳು. ಕ್ಷಮಿಸಬೇಕಾದರೆ ಮೊದಲು ಸಿಟ್ಟು ಬಂದಿರಬೇಕಲ್ಲ ಎಂದುಕೊಂಡಳು ಸುಣ್ಣಕ್ಕ.

ಮುಂದಿನ ಚಳಿಗಾಲದ ಕೊನೆಯಲ್ಲಿ ಅತ್ತೆ ಬೆಚ್ಚಗಿನ ಜಗಲಿಯ ಮೇಲೆಯೇ, ಹಗಲು ನಿದ್ದೆಯಲ್ಲಿ ಹೋದಳು. ಹೊತ್ತವರಲ್ಲಿ ಮುಂದಿದ್ದವನು ಭಾವ. ಆಗಲೂ ಸುಣ್ಣಕ್ಕ ಅಳಲಿಲ್ಲ. ಆದರೆ ಮನೆಗೆ ಬಂದು ಗಂಜಿಗಿಡುವಾಗ ತಿಳಿಯದೆ ಇಬ್ಬರಿಗಾಗುವಷ್ಟು ಅಕ್ಕಿ ಹಾಕಿಬಿಟ್ಟಳು. ಆಮೇಲೆ ಹೋಗಿ ಭಾವನನ್ನು ಊಟಕ್ಕೆ ಕರೆದಳು.

ಈಗ ಅದೇ ರೂಢಿಯಾಗಿದೆ. ಅವನು ತೂಬಿನ ಕೆಲಸ ಬಿಟ್ಟು ಹೆಬ್ಬಾಗಿಲ ಕಾವಲಿಗೆ ಸೇರಿದ್ದಾನೆ. ಪಾಳಿ ಮುಗಿಸಿ ಬರುತ್ತಾನೆ, ಕಾಲು ಒರೆಸಿಕೊಂಡು ಕೂರುತ್ತಾನೆ. ಮಾತು ಹೆಚ್ಚಿಲ್ಲ.

"ಉಪ್ಪು ಸಾಕಾ ಭಾವ?"

"ಸಾಕಮ್ಮ."

ಅವಳು ತನ್ನ ತಟ್ಟೆಗೂ ಬಡಿಸಿಕೊಂಡು ಕೂರುತ್ತಾಳೆ.