ಮಾವನ ವ್ಯಾನಿನ ಟಕಟಕ

ಬೀದಿಯವರು ಅವನಿಗಿಟ್ಟ ಹೆಸರು ಬೆಂಕಿಪೊಟ್ಟಣ. ಆ ಹೆಸರಿಗೆ ಅವನೇನೂ ಮೋಸ ಮಾಡಿರಲಿಲ್ಲ. ಸ್ಪ್ಯಾನರ್ ಜಾರಿದರೆ ಸ್ಪ್ಯಾನರನ್ನು ಬೈಯುತ್ತಿದ್ದ, ಅಷ್ಟು ಸಾಲದೆನಿಸಿದರೆ ಅದನ್ನು ಮಾಡಿದವನ ವಂಶವನ್ನೇ ಬೈಯುತ್ತಿದ್ದ. ಮಾವನ ಎದುರಿಗೆ ಮಾತ್ರ ಪೊಟ್ಟಣ ನೀರಿಗೆ ಬಿದ್ದ ಹಾಗೆ. ಮನೆ ಅಳಿಯನಾಗಿ ಬಂದವನು ಮಾವನ ಗ್ಯಾರೇಜಿನಲ್ಲೇ ದುಡಿದು, ಅದರ ಹಿಂದಿನ ಅಡುಗೆಮನೆಯಲ್ಲೇ ಉಂಡು, ಅದರ ಮೇಲಿನ ಕೋಣೆಯಲ್ಲೇ ಮಲಗುತ್ತಿದ್ದ. ಕೋಣೆಯ ಕಿಟಕಿ ತೆರೆದರೆ ಶೆಡ್ಡಿನ ತಗಡು, ಬಾಗಿಲು ತೆರೆದರೆ ಶೆಡ್ಡಿಗಿಳಿಯುವ ಮೆಟ್ಟಿಲು. ಬೀದಿಗೆ ಹೋಗಬೇಕೆಂದರೆ ಗೇಟಿನ ಹತ್ತಿರ ಕುರ್ಚಿ ಹಾಕಿ ಕುಳಿತ ಮಾವನನ್ನು ದಾಟಬೇಕು. “ಎಲ್ಲಿಗೆ ಹೊರಟ್ರು ಅಳಿಯಂದ್ರು?” ಅನ್ನುವ ಪ್ರಶ್ನೆಗೆ ಉತ್ತರ ಕೊಡದೆ ಅವನು ಒಂದು ಬ್ಲೇಡು ತರಲೂ ಹೋದದ್ದಿಲ್ಲ.

ಮಾವ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾಡಿ ಎಂದೋ ಹೊರಟುಬಿಡಬಹುದಿತ್ತು. ಬೀದಿಗೆಲ್ಲ ಹೆಸರಾದ ಕೆಲಸಗಾರ, ಈಗ ಕೈ ನಡುಗುತ್ತದೆ. ಚಹಾದ ಕಪ್ಪು ಹಿಡಿದರೆ ಅರ್ಧ ತಟ್ಟೆಗೆ, ಕಾಲು ಪಂಚೆಗೆ, ಉಳಿದದ್ದು ಬಾಯಿಗೆ. ಕೈ ಹೋದರೂ ಕಿವಿ ಹೋಗಿರಲಿಲ್ಲ. ಕುರ್ಚಿಯಲ್ಲಿ ಕೂತೇ ಬೀದಿಯಲ್ಲಿ ಹೋಗುವ ಗಾಡಿಗಳ ಜಾತಕ ಹೇಳುತ್ತಿದ್ದ.

ಗೇಟಿನ ಪಕ್ಕದಲ್ಲಿ ನಿಂತಿದ್ದ ಹಳೆಯ ವ್ಯಾನ್ ಮಾವನದು. ಹೆದ್ದಾರಿ ಕವಲಿನಲ್ಲಿ ಟೈರ್ ಅಂಗಡಿಯವನೊಬ್ಬ ಪಕ್ಕದ ಖಾಲಿ ಶೆಡ್ಡನ್ನು ಬಿಟ್ಟುಕೊಡುತ್ತೇನೆಂದಿದ್ದ. ಹೆಂಡತಿಯನ್ನು ಕರೆದುಕೊಂಡು ಹೋಗಿ ಅಲ್ಲಿ ಸ್ವಂತ ಗ್ಯಾರೇಜು ಹಾಕಬೇಕೆಂಬುದು ಅಳಿಯನ ಆಸೆ. ಅರ್ಧ ದಿನದ ದಾರಿ. ಅಲ್ಲಿ ಕೆಟ್ಟು ನಿಂತ ಲಾರಿಗಳ ಬಳಿಗೆ ಸಾಮಾನು ಹೇರಿಕೊಂಡು ಹೋಗಲು ಒಂದು ಗಾಡಿ ಬೇಕೇ ಬೇಕು. ಬೆಂಕಿಪೊಟ್ಟಣ ಧೈರ್ಯ ತಂದುಕೊಂಡು ಮಾವನನ್ನು ಕೇಳಿದಾಗ ಮುದುಕ ಇಲ್ಲ ಅನ್ನಲಿಲ್ಲ.

“ತಗೊಂಡು ಹೋಗಿ. ಆದ್ರೆ ಅದರ ಟಕಟಕ ನಿಲ್ಲಿಸಿ ತಗೊಂಡು ಹೋಗಿ. ನನ್ನ ಶೆಡ್ಡಿಂದ ಹೊರಟ ಗಾಡಿ ಊರು ತುಂಬ ಹಲ್ಲು ಕಟಕಟಾಯಿಸ್ಕೊಂಡು ಹೋದ್ರೆ ಜನ ನನ್ನ ಮುಖಕ್ಕೆ ಉಗೀತಾರೆ.”

ಇದೇನು ಮಹಾ ಎಂದುಕೊಂಡು ಅವನು ಎಂಜಿನ್ನಿನ ಕವರ್ ಬಿಚ್ಚಿದ್ದ. ಒಳಗೆ ತಿರುಗುವ ಕ್ಯಾಮ್ ತಳ್ಳಿದಾಗ ಒಂದು ತುದಿ ಮೇಲೆದ್ದು, ಇನ್ನೊಂದು ತುದಿಯಿಂದ ವಾಲ್ವಿನ ತಲೆಯನ್ನು ಒತ್ತುವ ಬೆರಳುದ್ದದ ಕಬ್ಬಿಣಕ್ಕೆ ರಾಕರ್ ಎನ್ನುತ್ತಾರೆ. ಅವೆಲ್ಲ ಸವೆದು ಗುಂಡಿ ಬಿದ್ದಿದ್ದವು. ಎಲ್ಲವನ್ನೂ ತೆಗೆದು ಹೊಸದು ಕೂರಿಸಿದ. ವ್ಯಾನ್ ಉಂಡು ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟಿತು, ಹಾಗೆಂದು ಮಾವನಿಗೂ ಹೇಳಿದ. ಆ ಖುಷಿಯಲ್ಲಿ ಮರುದಿನ ಬಸ್ಸು ಹತ್ತಿ ಕವಲಿಗೆ ಹೋಗಿ ಶೆಡ್ ನೋಡಿಕೊಂಡು ಬಂದ. ಬಂದು ಮಾವನೆದುರು ಸ್ಟಾರ್ಟ್ ಮಾಡಿದರೆ ಟಕ, ಟಕ, ಟಕ.

“ಬೆಕ್ಕು ಅಂದ್ರಿ,” ಎಂದ ಮಾವ. “ಇದು ಮರಕುಟಿಗ.”

ಅಂದಿನಿಂದ ಶುರುವಾಯಿತು ಅವನ ಗ್ರಹಚಾರ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕೇಳಿದ. ಸದ್ದು ಎರಡನೇ ಸಿಲಿಂಡರಿನದು. ಕವರ್ ತೆಗೆದು, ಎಂಜಿನ್ ಓಡುತ್ತಿರುವಾಗಲೇ ಅಲ್ಲಿನ ರಾಕರಿಗೂ ವಾಲ್ವಿಗೂ ನಡುವೆ ಸಂದು ಅಳೆಯುವ ಗೇಜಿನ ತೆಳು ಪಟ್ಟಿ ತೂರಿಸಿದ, ಸದ್ದು ನಿಂತಿತು. ಹಾಗಾದರೆ ಅಲ್ಲಿ ಸಂದು ಹೆಚ್ಚು. ಎಂಜಿನ್ ನಿಲ್ಲಿಸಿ ಅಳೆದ; ಸಂದು ಸರಿಯಾಗಿತ್ತು. ಬಿಚ್ಚಿ ಮತ್ತೆ ಹೊಂದಿಸಿದ. ಗೇಜು ಸರಿ ಎಂದಿತು, ಎಂಜಿನ್ ಟಕ ಎಂದಿತು. ದಪ್ಪ ಆಯಿಲ್ ಹಾಕಿದ. ಕ್ಯಾಮಿನ ತಳ್ಳನ್ನು ರಾಕರಿಗೆ ಮುಟ್ಟಿಸುವ ಪುಶ್ ರಾಡುಗಳನ್ನು ಗಾಜಿನ ಮೇಲೆ ಉರುಳಿಸಿದ, ಒಂದೂ ಬಾಗಿರಲಿಲ್ಲ. ಕ್ಯಾಮ್ ಸವೆದಿರಬಹುದೆಂದು ಒಂದೊಂದು ರಾಡ್ ಎಷ್ಟು ಏಳುತ್ತದೆಂದು ಅಳೆದ. ಎಲ್ಲವೂ ಅಕ್ಕತಂಗಿಯರಂತೆ ಒಂದೇ ಎತ್ತರ.

ಅಷ್ಟರಲ್ಲಿ ಟೈರ್ ಅಂಗಡಿಯವನ ಫೋನ್. “ಹೂಂ ಅಂತೀಯೋ, ಬೇರೆಯವನಿಗೆ ಕೊಡ್ಲೋ? ನಾಳೆ ಸಂಜೆ ತನಕ ಕಾಯ್ತೀನಿ, ಅಷ್ಟೇ.”

ಮರುದಿನ ಮಧ್ಯಾಹ್ನ ಊಟವನ್ನೂ ಬಿಟ್ಟು ಅವನು ವ್ಯಾನಿನ ಮುಂದೆ ನಿಂತ. ನೋಡದೆ ಉಳಿದದ್ದು ರಾಕರುಗಳನ್ನು ಮಾತ್ರ. ಅವನ್ನೇಕೆ ನೋಡಬೇಕು? ತಾನೇ ತಂದು ತಾನೇ ಕೂರಿಸಿದ ಹೊಸ ಮಾಲು. ಆದರೂ ಬೇರೆ ದಾರಿ ಕಾಣದೆ ಎರಡನೆಯ ಸಿಲಿಂಡರಿನದನ್ನು ಹೊರಗೆಳೆದು, ವಾಲ್ವಿಗೆ ತಾಗುವ ತುದಿಯ ಮೇಲೆ ಉಗುರು ಎಳೆದ. ಉಗುರು ಗುಂಡಿಗೆ ಬಿತ್ತು.

ಅವನಿಗೆ ಎಲ್ಲವೂ ತಿಳಿಯಿತು. ಚರಂಡಿಯ ಮೇಲೆ ಹಲಗೆ ಹಾಸಿದ ಹಾಗೆ ಗೇಜಿನ ಪಟ್ಟಿ ಆ ಗುಂಡಿಯ ಅಂಚಿನಿಂದ ಅಂಚಿಗೆ ಕೂರುತ್ತಿತ್ತು. ಹಲಗೆಗೆ ಚರಂಡಿಯ ಆಳ ಗೊತ್ತಾಗುವುದೆಲ್ಲಿಂದ? ಗೇಜಿಗೆ ಸರಿಯಾದ ಸಂದಿನ ಕೆಳಗೆ ಇನ್ನೊಂದು ಸಂದು ಅಡಗಿ ಕೂತಿತ್ತು.

ಹೊಸ ಕಬ್ಬಿಣ ಇಷ್ಟು ಬೇಗ ಸವೆಯಿತೇ ಎಂದು ತಿರುಗಿಸಿ ನೋಡಿದ. ಕೂರಿಸಿದಾಗ ಕಾಣದ ಮಗ್ಗುಲಿನಲ್ಲಿ ಅರದಿಂದ ಎಳೆದ ಗೀರು. ಎಸೆಯುವ ರಾಕರು ಹೊಸದರೊಂದಿಗೆ ಬೆರೆಯದಿರಲೆಂದು ಅವನೇ ಎಳೆಯುವ ಗೀರು. ಗುಜರಿ ಡಬ್ಬಕ್ಕೆ ತಾನೇ ಎಸೆದದ್ದು ಎದ್ದು ಬಂದು ಎಂಜಿನ್ನಿನಲ್ಲಿ ಕೂತಿದೆ.

ಮುದುಕನ ಕುರ್ಚಿಯತ್ತ ಎರಡು ಹೆಜ್ಜೆ ಇಟ್ಟವನು ನಿಂತ. ಮಾವ ತಟ್ಟೆಗೆ ಚಹಾ ಚೆಲ್ಲಿಕೊಳ್ಳುತ್ತಿದ್ದ. ರಾಕರ್ ಕೂರಿಸುವಾಗ ಲಾಕ್ ನಟ್ಟನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಸ್ಕ್ರೂ ತಿರುಗಿಸುವುದು ಈ ಕೈಗಳ ಕೆಲಸವಲ್ಲ. ಈ ಮನೆಯಲ್ಲಿ ಸ್ಪ್ಯಾನರ್ ಹಿಡಿಯಬಲ್ಲವರು ಮೂವರು. ಒಬ್ಬನ ಕೈ ನಡುಗುತ್ತದೆ. ಒಬ್ಬ ತಾನು.

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಸೀಟಿನ ಕವರ್ ಹೊಲಿಯುತ್ತಿದ್ದ ಹೆಂಡತಿ ಅವನ ಕೈಯಲ್ಲಿದ್ದದ್ದನ್ನು ಬಾಗಿಲಿಂದಲೇ ನೋಡಿದ್ದಳು. ಇದೇ ಶೆಡ್ಡಿನಲ್ಲಿ, ಗೊಂಬೆ ಕೇಳಿದರೆ ಬೇರಿಂಗ್ ಕೊಟ್ಟ ಅಪ್ಪನ ಕೈಯಲ್ಲಿ ಬೆಳೆದವಳು.

“ಇದು ನಿನ್ನ ಕೆಲ್ಸಾನಾ?” ಅವನ ದನಿ ಹಲ್ಲಿನ ನಡುವೆಯೇ ಇತ್ತು.

“ಮೆಲ್ಲಗೆ ಮಾತಾಡ್ರೀ. ಅಪ್ಪನಿಗೆ ಗೊತ್ತಿಲ್ಲ. ನೀವು ಕವಲಿಗೆ ಹೋದ ದಿನ, ಅಪ್ಪ ಮಲಗಿದ್ದಾಗ ಮಾಡಿದ್ದು.”

“ಬರಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?”

“ಹೇಳಿದ್ರೆ ಕೂಗಾಡ್ತಿದ್ರಿ. ಕೂಗಾಡಿ ಒಬ್ಬರೇ ಹೊರಟುಬಿಡ್ತಿದ್ರಿ. ಅಪ್ಪನಿಗೆ ಹೇಳಿದ್ರೆ ಅಪ್ಪನೇ ನನ್ನ ರಟ್ಟೆ ಹಿಡಿದು ಗಾಡಿ ಹತ್ತಿಸ್ತಿದ್ದ. ನಾನು ಯಾರ ಹತ್ರ ಹೇಳ್ಲಿ?”

“ಅವ್ರನ್ನೂ ಕರ್ಕೊಂಡು ಹೋಗೋಣ.”

“ಆ ಕುರ್ಚಿಯಿಂದಲಾ?” ಎಂದಳು. ಅವನಿಗೂ ಉತ್ತರ ಗೊತ್ತಿತ್ತು.

ಅವಳು ಯಂತ್ರದ ಡ್ರಾಯರ್ ಎಳೆದು, ನೂಲಿನ ಉಂಡೆಗಳ ಅಡಿಯಿಂದ ಬಟ್ಟೆಯ ಗಂಟೊಂದನ್ನು ತೆಗೆದುಕೊಟ್ಟಳು. ಒಳಗೆ ಅವನ ಹೊಸ ರಾಕರ್. ತುಕ್ಕು ಹಿಡಿಯದ ಹಾಗೆ ಮೆಷಿನ್ ಎಣ್ಣೆ ಸವರಿಟ್ಟಿದ್ದಳು.

“ಕೊಡ್ಬೇಕು ಅಂತಾನೇ ಇಟ್ಟಿದ್ದೆ,” ಎಂದಳು.

ಗೀರು ಬಿದ್ದ ರಾಕರನ್ನು ಅವನು ಹಿತ್ತಲ ಗೋಡೆಯಾಚೆ ಚರಂಡಿಗೆ ಬೀಸಿ ಎಸೆದ. ಹೊಸದನ್ನು ಕೂರಿಸಿ, ಸಂದು ಹೊಂದಿಸಿ, ಕವರ್ ಮುಚ್ಚಿ, ಕೀಲಿ ತಿರುಗಿಸಿದ. ವ್ಯಾನ್ ಗುರುಗುಟ್ಟಿತು. ಅಷ್ಟೇ.

ಮಾವನ ಕಪ್ಪು ಅರ್ಧ ದಾರಿಯಲ್ಲಿ ನಿಂತಿತು. ತಲೆ ವಾಲಿಸಿ ಬಹಳ ಹೊತ್ತು ಕೇಳಿದ. ಆಮೇಲೆ ಕುರ್ಚಿಯ ತೋಳು ಹಿಡಿದು ಎದ್ದು, ಗೋಡೆಯ ಮೊಳೆಗೆ ನೇತುಹಾಕಿದ್ದ ಗಾಡಿಯ ಎರಡನೇ ಕೀಲಿಯನ್ನೂ ತೆಗೆದು, ನಡುಗುವ ಕೈಯಲ್ಲಿ ವ್ಯಾನಿನ ಕಿಟಕಿಯೊಳಗೆ ಚಾಚಿದ.

“ಗೆದ್ರಿ ಅಳಿಯಂದ್ರೇ. ನಾನು ಆಡಿದ ಮಾತು ಆಡಿದ್ದೇ. ಮಗಳನ್ನ ಚೆನ್ನಾಗಿ ನೋಡ್ಕೊಳ್ಳಿ.”

ಅಳಿಯನ ಎದುರಿಗೆ ಗೇಟು ತೆರೆದೇ ಇತ್ತು. ಪಕ್ಕದ ಸೀಟು ಖಾಲಿ. ಹೆಂಡತಿ ಕೋಣೆಯ ಬಾಗಿಲಲ್ಲಿ ಸೀಟ್ ಕವರಿನ ತುಂಡೊಂದನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಚುತ್ತಿದ್ದಳು. ಜೇಬಿನಲ್ಲಿ ಫೋನ್ ಗುಂಯ್ಗುಟ್ಟಿತು. ಟೈರ್ ಅಂಗಡಿಯವನೇ ಇರಬೇಕು. ತೆಗೆಯಲಿಲ್ಲ.

“ಇದು ನಿಮ್ಮ ಹತ್ರಾನೇ ಇರ್ಲಿ ಮಾವ,” ಎಂದು ಕೀಲಿಯನ್ನು ಹಿಂದಕ್ಕೆ ಕೊಟ್ಟ. “ತಣ್ಣಗಿದೆ, ಅದಕ್ಕೆ ಸುಮ್ನಿದೆ. ಬಿಸಿಯಾದ್ಮೇಲೆ ಮತ್ತೆ ಬರುತ್ತೋ ಏನೋ. ಇನ್ನೊಂದು ಸಲ ನೋಡ್ತೀನಿ.”

ಮುದುಕ ಅವನ ಮುಖವನ್ನು ನೋಡಿದ, ಬಾಗಿಲಲ್ಲಿದ್ದ ಮಗಳನ್ನು ನೋಡಿದ. “ನೋಡಿ, ನೋಡಿ,” ಎಂದ. “ಅವಸರ ಏನಿದೆ?” ಕೀಲಿಯ ತೂತಿಗೆ ಮೊಳೆ ಸಿಗಲು ಅವನಿಗೆ ಸುಮಾರು ಹೊತ್ತು ಹಿಡಿಯಿತು.

ಬೆಂಕಿಪೊಟ್ಟಣ ಸ್ಟೀರಿಂಗ್ ಹಿಡಿದೇ ಕೂತ. ಎಂಜಿನ್ ಬಿಸಿಯಾಯಿತು, ಇನ್ನೂ ಬಿಸಿಯಾಯಿತು. ಒಂದು ಸಲವಾದರೂ ಟಕ್ ಅನ್ನಲಿ ಎಂದು ಕಿವಿಗೊಟ್ಟು ಕಾದ. ಅನ್ನಲಿಲ್ಲ.