ಎಮ್ಮೆಗೆ ಬೇಯಿಸಿದ ಹುರುಳಿ

ಹುರುಳಿ ಬೇಯುವ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಮೊಮ್ಮಗಳು ಅದನ್ನೇ ಮೊಳಕೆ ಬರಿಸಿ, ಗಾಜಿನ ಬಟ್ಟಲಿಗೆ ಹಾಕಿಕೊಂಡು, ಮೇಲೆ ನಿಂಬೆಹಣ್ಣು ಹಿಂಡಿ ತಿನ್ನುತ್ತಾಳೆ. ಇದರಲ್ಲಿ ಪ್ರೋಟೀನ್ ಇದೆ, ಕಬ್ಬಿಣ ಇದೆ, ದಿನಾ ಒಂದು ಹಿಡಿ ತಿನ್ನುವ ಅಭ್ಯಾಸ ಮಾಡಿಕೋ ಎಂದು ನನಗೆ ಪಾಠ ಹೇಳುತ್ತಾಳೆ. ತೌಡು ತೆಗೆಯದ ಕೆಂಪಕ್ಕಿಯನ್ನು ಪೇಟೆಯಿಂದ ದುಬಾರಿ ಬೆಲೆಗೆ ತರುತ್ತಾಳೆ. ನಾನು ಹೂಂ ಎಂದು ಎದ್ದು ಹೋಗುತ್ತೇನೆ. ಒಳ್ಳೆಯ ಊಟದ ವಿಷಯ ನನಗೆ ತಿಳಿಯದು ಎಂದು ಅವಳು ಅಂದುಕೊಂಡಿದ್ದಾಳೆ. ತಿಳಿದದ್ದು ಎಲ್ಲಿ, ಹೇಗೆ ಎಂದು ಅವಳಿಗೆ ಹೇಳುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.

ಅದು ಅರವತ್ತರ ದಶಕದ ನಡುಭಾಗ. ನನ್ನ ತವರು ಸಾಗರದ ಕಡೆ, ಶರಾವತಿಯ ದಂಡೆಯಲ್ಲಿತ್ತು. ಗಂಡನ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಕೋಣಂದೂರು ಪೇಟೆಗೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಆದರೆ ನನಗೆ ದಿನ ತುಂಬುವ ಹೊತ್ತಿಗೆ ತವರಿನ ಅಂಗಳದೊಳಗೆ ಅಣೆಕಟ್ಟಿನ ನೀರು ನಿಂತಿತ್ತು. ಅಪ್ಪ, ಅಮ್ಮ ಹೊಸನಗರದ ಕಡೆ ಸರ್ಕಾರ ತೋರಿಸಿದ ಜಾಗದಲ್ಲಿ ಹುಲ್ಲಿನ ಜೋಪಡಿ ಕಟ್ಟಿಕೊಂಡಿದ್ದರು. "ಇಲ್ಲಿ ನಮ್ಗೇ ಮಲ್ಗಾಕೆ ಜಾಗ ಇಲ್ಲ, ಅಲ್ಲೇ ಇರು ಮಗ" ಎಂದು ಅಮ್ಮ ಹೇಳಿ ಕಳಿಸಿದ್ದಳು. ಊರಿನ ಹೆಂಗಸರು ಬಂದವರೆಲ್ಲ ತವರಿಲ್ಲದ ಬಾಣಂತಿ ಎಂದು ಅಯ್ಯೋ ಪಾಪ ಅನ್ನುತ್ತಿದ್ದರು. ಆ ಅಯ್ಯೋ ಪಾಪ ಕೇಳಿ ಕೇಳಿ ನನ್ನ ತಲೆ ತಗ್ಗಿ ಹೋಗಿತ್ತು. ಅತ್ತೆಯ ಕೈಯಿಂದಲೇ ಚಾಕರಿ ಮಾಡಿಸಿಕೊಳ್ಳುತ್ತಿದ್ದೇನಲ್ಲ ಎಂಬ ಸಂಕೋಚ ಬೇರೆ. ಇನ್ನು ಬಾಯಿಬಿಟ್ಟು ಹಸಿವು ಎನ್ನುವುದಾದರೂ ಹೇಗೆ?

ಹಸಿವು ಮಾತ್ರ ಸುಳ್ಳಲ್ಲ. ಮಾವನ ತಾಯಿ, ಅಂದರೆ ಮನೆಯವರೆಲ್ಲ ಅಜ್ಜಿ ಎನ್ನುತ್ತಿದ್ದ ಹಿರಿಯಾಕೆ, ಬಾಣಂತಿ ಪಥ್ಯದ ಯಜಮಾನಿ. ಕಣ್ಣು ಮಂಜಾಗಿತ್ತು, ಮೂಗು ಮತ್ತು ಕಿವಿ ಬಹಳ ಚುರುಕು. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಬಾಗಿಲ ಬುಡದಲ್ಲಿ ಕೂತರೆ ಯಾರು ಯಾವ ಪಾತ್ರೆಯ ಮುಚ್ಚಳ ತೆಗೆದರು ಎಂಬುದು ಅವರಿಗೆ ತಿಳಿಯುತ್ತಿತ್ತು. "ಕಾಳು ತಿಂದ್ರೆ ಕೂಸಿಗೆ ವಾಯು. ಸೊಪ್ಪು ತಿಂದ್ರೆ ನಂಜು. ನೀರ್ ಜಾಸ್ತಿ ಕುಡುದ್ರೆ ಹೊಟ್ಟೆ ಬರ್ತದೆ" ಎಂದು ಅವರು ಹೇಳಿದರೆ ಅದಕ್ಕೆ ಎದುರು ಮಾತಿಲ್ಲ. ನನ್ನ ಪಾಲಿಗೆ ಉಳಿದದ್ದು ಅನ್ನ, ಮೆಣಸು ಜೀರಿಗೆಯ ಸಾರು, ಸುಟ್ಟ ಬೆಳ್ಳುಳ್ಳಿ. ಹಿತ್ತಲಲ್ಲಿ ಬಸಳೆ ಚಪ್ಪರ ತುಂಬಿ ಜೋತು ಬೀಳುತ್ತಿದ್ದರೂ ನನಗೆ ಅದು ನೋಡುವುದಕ್ಕೆ ಮಾತ್ರ.

ಆ ಅನ್ನದ ಕಥೆಯೂ ಕೇಳಬೇಕು. ಕೋಣಂದೂರಿನಲ್ಲಿ ಮಿಲ್ಲು ಬಂದ ಮೇಲೆ ನಮ್ಮ ಮನೆಯ ಒನಕೆ ಮೂಲೆ ಸೇರಿತ್ತು. ಒಡೆಯರಿಗೆ ಗೇಣಿ ಅಳೆದು ಕೊಟ್ಟು ಉಳಿದ ಭತ್ತವನ್ನು ಮಾವ ಗಾಡಿ ಕಟ್ಟಿ ಮಿಲ್ಲಿಗೆ ಒಯ್ಯುತ್ತಿದ್ದರು. ಅಕ್ಕಿ ಹಲ್ಲಿನ ಹಾಗೆ ಬೆಳ್ಳಗೆ ಬರುತ್ತಿತ್ತು. ಗೇಣಿ ಮಾಡುವವರೂ ಒಡೆಯರ ಹಾಗೆ ಬಿಳಿ ಅನ್ನ ಉಣ್ಣುತ್ತೇವೆ ಎಂಬ ಜಂಬ ನಮಗೆಲ್ಲ ಇತ್ತು, ನನಗೂ ಇತ್ತು. ಅಕ್ಕಿಯ ಜೊತೆ ಬೇರೆ ಚೀಲದಲ್ಲಿ ಬಂದ ತೌಡು ಎಮ್ಮೆಗೆ. ಅನ್ನ ಬಸಿದ ಗಂಜಿ ತಿಳಿ ಕಲಗಚ್ಚಿನ ಬಾನಿಗೆ, ಅದೂ ಎಮ್ಮೆಗೆ. ಬಚ್ಚಲ ಒಲೆಯ ಮೇಲೆ ದಿನಾ ಹುರುಳಿ ಬೇಯುತ್ತಿತ್ತು. ಅದರ ಕಟ್ಟು ಬಸಿದು ಮನೆಯವರಿಗೆ ಸಾರು, ಕಾಳು ಎಮ್ಮೆಗೆ, ಬಾಣಂತಿಗೆ ಎರಡೂ ಇಲ್ಲ.

ಆ ಎಮ್ಮೆಯೂ ನಾನು ಹೆತ್ತ ತಿಂಗಳಲ್ಲೇ ಕರು ಹಾಕಿತ್ತು. ಒಂದು ಮನೆಯಲ್ಲಿ ಇಬ್ಬರು ಬಾಣಂತಿಯರು, ಒಬ್ಬಳಿಗೆ ಕೊಟ್ಟಿಗೆಯಲ್ಲಿ ರಾಜೋಪಚಾರ. ಅದರ ಹಾಲು ಕೋಣಂದೂರಿನ ಹೋಟೆಲಿಗೆ ಹೋಗುತ್ತಿತ್ತು. ಬೆಳಗ್ಗೆ ಹಾಲು ಕರೆದು ಬಂದ ಮಾವ ಅತ್ತೆಗೆ ತಪ್ಪದೆ ಹೇಳುತ್ತಿದ್ದ ಮಾತು ಒಂದೇ. "ಹುರುಳಿಗೆ ಕೈ ಹಿಡೀಬ್ಯಾಡ. ತಿಂದ್ರಲ್ವಾ ಹಾಲು ಬರಾದು?"

ನಾನು ಒಳಕೋಣೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಇದನ್ನು ಕೇಳುತ್ತಿದ್ದೆ. ಮಗು ಎಳೆದು ಎಳೆದು ನೋಡಿ, ಬಾಯಿ ಬಿಟ್ಟು ಅಳುತ್ತಿತ್ತು. ಅತ್ತು ಸುಸ್ತಾಗಿ ನಿದ್ದೆ ಹೋಗುತ್ತಿತ್ತು. ಕೈಕಾಲು ಕಡ್ಡಿಯಾಗಿ, ತಲೆ ಮಾತ್ರ ದೊಡ್ಡದಾಗಿ ಕಾಣತೊಡಗಿತು. ಅಜ್ಜಿ ದೃಷ್ಟಿ ಎಂದರು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿಸಿದರು. ನನ್ನ ಅಂಗಾಲು ಸದಾ ಜುಮ್ಮೆನ್ನುತ್ತಿತ್ತು, ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಹೆತ್ತ ಕೂಸಿಗೆ ಹಾಲಿಲ್ಲದ ತಾಯಿ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಆಗ ನನಗೆ ಗೊತ್ತಿರಲಿಲ್ಲ. ಈ ಮಗು ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆಯನ್ನು ಗಂಡನ ಹತ್ತಿರವೂ ಆಡಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ನನ್ನನ್ನು ಕೊಟ್ಟಿಗೆ ಕೆಲಸಕ್ಕೆ ಬಿಟ್ಟರು. ಕೆಲಸಕ್ಕೆ ಬಾಣಂತನ ಮುಗಿದಿತ್ತು, ಊಟಕ್ಕೆ ಮುಗಿದಿರಲಿಲ್ಲ. ಅತ್ತೆ ಹುರುಳಿಗೆ ತೌಡು ಕಲಸಿ ಬಕೀಟು ತುಂಬಿ ಕೊಡುತ್ತಿದ್ದರು, ನಾನು ಒಯ್ದು ಎಮ್ಮೆಯ ಮುಂದೆ ಇಡಬೇಕು. ಬಿಸಿ ಹುರುಳಿಯ ವಾಸನೆ ದಾರಿಯುದ್ದಕ್ಕೂ ಮುಖಕ್ಕೆ ಹೊಡೆಯುತ್ತಿತ್ತು. ಮೊದಮೊದಲು ಉಸಿರು ಬಿಗಿ ಹಿಡಿದು ನಡೆದೆ. ಒಂದು ದಿನ ಬಕೀಟು ಕೆಳಗಿಟ್ಟವಳು ಬಗ್ಗಿದಲ್ಲೇ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡೆ. ತೌಡು ಗಂಟಲಲ್ಲಿ ಸಿಕ್ಕಿಕೊಂಡಿತು. ಅಗಿದೆ, ನುಂಗಿದೆ, ಮತ್ತೆ ಕೈ ಹಾಕಿದೆ. ಎಮ್ಮೆ ಕತ್ತು ಚಾಚಿ ನನ್ನ ತೋಳನ್ನು ಮೂಸಿತು. ಅದರ ಮೂತಿಯನ್ನು ಮೊಣಕೈಯಿಂದ ಆಚೆ ತಳ್ಳಿ ನಾನು ತಿಂದೆ. ತಿಂದಾದ ಮೇಲೆ ನಾಚಿಕೆಯಿಂದ ಕೊಟ್ಟಿಗೆಯ ಕಂಬಕ್ಕೆ ಹಣೆ ಒತ್ತಿ ನಿಂತುಬಿಟ್ಟೆ. ಪಶುವಿನ ಜೊತೆ ಪಾಲಿಗೆ ನಿಂತೆನಲ್ಲ, ಅಮ್ಮ ಕಂಡಿದ್ದರೆ ಏನನ್ನುತ್ತಿದ್ದಳು ಎಂದು ಅಳು ಬಂತು. ಮಾರನೆಯ ದಿನವೂ ತಿಂದೆ.

ಹಾಗೇ ನಡೆಯುತ್ತಿರುವಾಗ ಒಂದು ಬೆಳಗ್ಗೆ ತಲೆ ಎತ್ತಿದರೆ ಕೊಟ್ಟಿಗೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಸಗಣಿ ಬುಟ್ಟಿ. ನನ್ನ ಬಾಯಿ ತುಂಬ ಹುರುಳಿ, ಉಗಿಯುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅವರು ನನ್ನನ್ನು ನೋಡಿದರು, ಬಕೀಟನ್ನು ನೋಡಿದರು.

"ಬಾಯಿ ಒರ್ಸ್ಕ. ಗಲ್ಲದ್ ಮೇಲೆ ತೌಡು ಅದೆ" ಎಂದು ಹೇಳಿ ಹೊರಟುಹೋದರು.

ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಾವನಿಗೆ ಹೇಳುತ್ತಾರೆ, ಅಜ್ಜಿಗೆ ಹೇಳುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ, ತವರಿಗೆ ಅಟ್ಟುತ್ತಾರೆ ಎಂದು ಇಡೀ ದಿನ ಹೆದರಿದೆ. ಅಟ್ಟಿದರೆ ಹೋಗುವುದಕ್ಕೆ ತವರಾದರೂ ಎಲ್ಲಿ? ಮಾರನೆಯ ದಿನ ಬಕೀಟು ಹೊತ್ತು ಹೋದಾಗ ಅದನ್ನು ಮುಟ್ಟಬಾರದು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಕೊಟ್ಟಿಗೆಯ ಅಡ್ಡತೊಲೆಯ ಮೇಲೆ ಒಂದು ತೆಂಗಿನ ಕರಟ ಇತ್ತು, ಬಾಳೆ ಎಲೆ ಮುಚ್ಚಿತ್ತು. ಎಲೆ ತೆಗೆದರೆ ಒಳಗೆ ತೌಡು ಸೋಕದ ಹುರುಳಿ. ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಉಪ್ಪು ಹಾಕಿತ್ತು.

ಆಮೇಲೆ ದಿನವೂ ಕರಟ ಅಲ್ಲಿರುತ್ತಿತ್ತು. ಕೆಲವು ದಿನ ಹುರುಳಿಯ ಜೊತೆ ಬೇಯಿಸಿದ ಬಸಳೆ, ಇನ್ನೊಂದು ದಿನ ಒಂದು ಚೂರು ಬೆಲ್ಲ. ಪಕ್ಕದ ಚೊಂಬಿನಲ್ಲಿ ಗಂಜಿ ತಿಳಿ. ಬಾವಿಕಟ್ಟೆಯಲ್ಲಿ ಎದುರಾದರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು. ನನಗೆ ತಿಂದ ನಾಚಿಕೆ, ಅವರಿಗೆ ಕದ್ದು ಕೊಡಬೇಕಾದ ನಾಚಿಕೆ ಎಂದುಕೊಂಡಿದ್ದೆ. ಇಷ್ಟಾಗುವಾಗ ಮಗು ಎರಡೂ ಕೈಯಲ್ಲಿ ಎದೆ ಹಿಡಿದು ಗುಟುಕು ಗುಟುಕಾಗಿ ಕುಡಿಯತೊಡಗಿತ್ತು. ಕುಡಿದು ತೃಪ್ತಿಯಾಗಿ ಬಾಯಿ ಬಿಡುತ್ತಿತ್ತು, ತುಟಿಯ ಮೂಲೆಯಲ್ಲಿ ಹಾಲು ಸುರಿಯುತ್ತಿತ್ತು. ಅಜ್ಜಿ ತಾವು ದೃಷ್ಟಿ ನಿವಾಳಿಸಿದ್ದು ಫಲ ಕೊಟ್ಟಿತು ಎಂದು ಎಲ್ಲರಿಗೂ ಹೇಳಿದರು.

ಅತ್ತ ಎಮ್ಮೆಯ ಹಾಲು ಇಳಿಯಿತು. ಇಳಿಯಲು ನಾನು ತಿಂದದ್ದೇ ಕಾರಣವೋ, ಅದರ ಕರು ದೊಡ್ಡದಾದದ್ದೋ, ದೇವರಿಗೇ ಗೊತ್ತು. ಒಂದು ಮಧ್ಯಾಹ್ನ ಮಾವನೂ ನನ್ನ ಗಂಡನೂ ಉಣ್ಣುತ್ತಿದ್ದರು. ಅತ್ತೆ ಬಡಿಸುತ್ತಿದ್ದರು. ಅಜ್ಜಿ ತಮ್ಮ ಬಾಗಿಲ ಬುಡದಲ್ಲಿ. ನಾನು ಹಲಗೆ ಗೋಡೆಯ ಆಚೆ ಒಳಕೋಣೆಯಲ್ಲಿ ಮಗುವಿಗೆ ಹಾಲೂಡುತ್ತಿದ್ದೆ.

"ಹುರುಳಿ ಚೀಲ ಖಾಲಿ ಆಗ್ತಾ ಅದೆ, ಹಾಲು ಮಾತ್ರ ಇಲ್ಲ. ಯಾರ ಮನಿಗೆ ಹೋಗ್ತದೆ ಅದು? ನಿನ್ ತಂಗಿ ಮನಿಗಾ?" ಎಂದು ಮಾವ ಅತ್ತೆಯನ್ನು ಕೇಳಿದರು.

ಅತ್ತೆಯ ಸೌಟು ಪಾತ್ರೆಗೆ ತಾಗಿ ಸದ್ದಾಯಿತು. "ಯಾರ್ ಮನಿಗೂ ಹೋಗ್ಲಿಲ್ಲ. ನಾನು ತಿಂತಿದೀನಿ" ಎಂದರು.

ಮಾವ ನಕ್ಕರು. "ಎಮ್ಮೆ ಬಕೀಟಿಗೆ ಬಾಯಿ ಹಾಕ್ತೀಯನೆ? ನಾಳಿಂದ ನಿನ್ನನ್ನೂ ಕೊಟ್ಟಿಗೇಲೇ ಕಟ್ತೀನಿ, ಬಿಡು." ನನ್ನ ಗಂಡನೂ ನಕ್ಕಿದ್ದು ಕೇಳಿಸಿತು.

ಆ ನಗು ನನ್ನ ಮೈಯನ್ನು ಸುಟ್ಟುಬಿಟ್ಟಿತು. ಸುಮ್ಮನೆ ಕೂತರೆ ಕರಟ ನಾಳೆಯೂ ತೊಲೆಯ ಮೇಲಿರುತ್ತದೆ, ಮಗು ಉಳಿಯುತ್ತದೆ. ಆದರೆ ಆ ಹೆಂಗಸು ತನ್ನದಲ್ಲದ ನಾಚಿಕೆಯನ್ನು ತಲೆಯ ಮೇಲೆ ಹೊತ್ತುಕೊಂಡು, ನಗುವವರಿಗೇ ಅನ್ನ ಬಡಿಸುತ್ತಾ ನಿಂತಿರಬೇಕು. ಬಾಣಂತಿ ಗಂಡಸರು ಉಣ್ಣುವ ಕಡೆ ಬರುವಂತಿರಲಿಲ್ಲ. ನಾನು ಮಗುವನ್ನು ಎದೆಯಿಂದ ಬಿಡಿಸದೆ, ಸೆರಗು ಎಳೆದುಕೊಂಡು ಎದ್ದು ಬಂದು ಅಜ್ಜಿಯ ಪಕ್ಕ ನಿಂತೆ.

"ತಿಂದದ್ದು ನಾನು. ಅತ್ತೆ ಅಲ್ಲ" ಎಂದೆ.

ಮಾವನ ಕೈ ಎಲೆಯ ಮೇಲೇ ನಿಂತಿತು. ಗಂಡ ನನ್ನ ಮುಖ ನೋಡಿ ಕಣ್ಣು ಕೆಳಗಿಳಿಸಿದ. ಅತ್ತೆ ಮಾತ್ರ ಸೌಟು ಕೆಳಗಿಟ್ಟು, ಮೆಲ್ಲಗೆ, ಮಾವನಿಗೆ ಕೇಳುವಷ್ಟೇ ಹೇಳಿದರು. "ತಿಂದ್ರಲ್ವಾ ಹಾಲು ಬರಾದು? ನೀವೇ ದಿನಾ ಹೇಳಾದು."

ನಾನು ಅಜ್ಜಿಯ ಬೈಗುಳಕ್ಕೆ ಕಾದು ನಿಂತಿದ್ದೆ. ಪಥ್ಯ ಮುರಿದವಳು, ಕೂಸಿಗೆ ವಾಯು ತರಿಸಿದವಳು ಎಂದು ಶುರುವಾಗುತ್ತದೆ ಎಂದುಕೊಂಡಿದ್ದೆ. ಅಜ್ಜಿ ತಮ್ಮ ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿ ಕೇಳಿದರು.

"ಉಪ್ಪು ಹಾಕಿತ್ತಾ?"

"ಹಾಕಿತ್ತು" ಎಂದೆ.

"ನನ್ ಕಾಲ್ದಾಗೆ ಬರೇ ತೌಡು" ಎಂದರು ಅಜ್ಜಿ. ಅತ್ತೆ ನಿಂತಿದ್ದ ದಿಕ್ಕಿಗೆ ತಿರುಗಿದರು. "ನೀ ಬಾಣಂತಿಯಾಗಿ ಕದ್ದು ತಿಂದಾಗ್ಲೂ ಉಪ್ಪಿರ್ಲಿಲ್ಲ. ನಂಗೆ ಗೊತ್ತಿತ್ತು, ಹಾಕ್ಲಿಲ್ಲ ನಾನು." ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಅತ್ತೆಗೆ ನನ್ನ ಗಂಡನಿಗಿಂತ ಮೊದಲು ಒಂದು ಕೂಸು ಹುಟ್ಟಿ ತೀರಿಕೊಂಡಿತ್ತು ಎಂದು ನನಗೆ ಗೊತ್ತಿತ್ತು. ಏಕೆ ಎಂದು ಯಾರೂ ಹೇಳಿರಲಿಲ್ಲ. ಅತ್ತೆ ಗೋಡೆಗೆ ಒರಗಿ ನಿಂತರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಮಾವ ಅನ್ನ ಬಿಟ್ಟು ಏಳಲೂ ಆಗದೆ, ತಿನ್ನಲೂ ಆಗದೆ ಕೂತರು.

ಮಾರನೆಯ ದಿನ ಹುರುಳಿಯ ಪಾತ್ರೆ ಬಚ್ಚಲ ಒಲೆಯಿಂದ ಅಡುಗೆ ಒಲೆಗೆ ಬಂತು. ಅನ್ನ ಬಸಿಯುವುದು ನಿಂತಿತು, ಅಟ್ಟದ ಮೂಲೆಯಿಂದ ಒನಕೆ ಇಳಿಯಿತು. ಬಸಳೆಗೆ ಉಪ್ಪು, ತೆಂಗಿನಕಾಯಿ ಬಿತ್ತು. ಎಮ್ಮೆಗೂ ಹುರುಳಿ ತಪ್ಪಲಿಲ್ಲ, ನಾವು ಉಂಡ ಮೇಲೆ ಹೋಗುತ್ತಿತ್ತು. ಮಧ್ಯಾಹ್ನ ಅಜ್ಜಿ ತಾವೇ ತಡವರಿಸುತ್ತಾ ಬಂದು, ಎಲೆಯ ಅಂಚು ಕೈಯಿಂದ ಮುಟ್ಟಿ ನೋಡಿಕೊಂಡು, ನನಗೆ ಹುರುಳಿ ಬಡಿಸಿದರು. ನನ್ನ ಕಡೆ ಮುಖ ತಿರುಗಿಸಲಿಲ್ಲ. ಅಂದು ನಾವೆಲ್ಲ ತಲೆ ತಗ್ಗಿಸಿಯೇ ಉಂಡೆವು. ನಡುನಡುವೆ ಎದೆ ಬಿಟ್ಟು, ತಲೆ ಎತ್ತಿ ನಮ್ಮನ್ನೆಲ್ಲ ನೋಡುತ್ತಾ ಉಂಡದ್ದು ನನ್ನ ತೊಡೆಯ ಮೇಲಿದ್ದ ಕೂಸು ಒಂದೇ.