ಬರಿಗಾಲಿನ ಕೋಚಿನ ಜೊತೆ ಹರಪನಹಳ್ಳಿಗೆ

ಕೂಡ್ಲಿಗಿಯಲ್ಲಿ ಮುಂಜಾನೆಯ ಕೊಟ್ಟೂರು ಬಸ್ಸಿಗೆ ಮಾವನವರನ್ನು ಹತ್ತಿಸುವಾಗ ಅತ್ತೆ ನನ್ನ ಕಿವಿಯಲ್ಲಿ, "ಹೂಂ ಅನಿಸ್ಕೊಂಡು ಬರ್ರಿ. ಮಾತಿಗೆ ಮಾತು ಬೆಳಸಾಕ ಬಿಡಬ್ಯಾಡವಾ" ಎಂದರು. ಎಂಬತ್ತರ ದಶಕದ ಮೊದಲ ವರ್ಷಗಳವು. ಮಾವನವರು ಮದರಾಸಿನಲ್ಲಿ ಓದುವಾಗ ಕಾಲೇಜು ತಂಡದಲ್ಲಿ ಫುಟ್‌ಬಾಲ್ ಆಡಿದವರು. ಆಮೇಲೆ ಹರಪನಹಳ್ಳಿಯಲ್ಲಿ ಕಾಲೇಜು ಹುಡುಗರಿಗೆ ವರ್ಷಗಟ್ಟಲೆ ಅದೇ ಆಟ ಕಲಿಸಿದವರು. ಮಂಡಿನೋವು ಹೆಚ್ಚಾಗಿ ನಮ್ಮ ಮನೆಗೆ ಬಂದಿದ್ದರು. ಅವರ ಜಾಗಕ್ಕೆ ಯಾರೂ ಸಿಗದಿದ್ದರೆ ಈ ವರ್ಷದಿಂದ ಆ ಕಾಲೇಜಿನಲ್ಲಿ ತಂಡವೇ ಇರದು ಎಂಬ ಸುದ್ದಿ ಬಂದಿತ್ತು. ಹಳೆಯ ಶಿಷ್ಯ ಖಾದರ್ ಒಪ್ಪಬಹುದೇ ಎಂದು ಕೇಳಲು ಹೊರಟಿದ್ದೆವು.

ಕೊಟ್ಟೂರಿನಲ್ಲಿ ಬಸ್ಸು ಬದಲಿಸುವ ಮೊದಲು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಮುಂದಿನ ಬಸ್ಸಿನಲ್ಲಿ ತೆಲಿಗಿಯ ರೈತನೊಬ್ಬ ಎದ್ದು ಮಾವನವರಿಗೆ ಸೀಟು ಕೊಟ್ಟ.

"ನಮ್ಮಣ್ಣ ನಿಮ್ಮತ್ರ ಆಡ್ಯಾನ್ರಿ ಸಾರ್. ಆಟಕ್ಕ ಮೊದಲು ದಿನಾ ಗ್ರೌಂಡಿನ್ಯಾಗ ಒಂದು ಟವೆಲ್ ತುಂಬ ಕಲ್ಲು ಆರಿಸಬೇಕಿತ್ತಂತಲ್ರಿ?"

"ಬರಿಗಾಲಾಗ ಆಡೋರು ಮತ್ತೇನು ಮಾಡ್ಬೇಕೋ? ಆಟ ಬಂತೋ ಇಲ್ಲೋ ಅವಗ?"

"ಹೊಲ ಹಸನ ಮಾಡಾಕ ಬಂತ್ರಿ!"

ಬಸ್ಸೆಲ್ಲ ನಕ್ಕಿತು. ಮಾವನವರೂ ನಕ್ಕರು. ರಾತ್ರಿ ಬಿದ್ದ ಮಳೆಗೆ ಎರೆಹೊಲಗಳು ಮಿರುಗುತ್ತಿದ್ದವು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಮಾವನವರ ಬಲಗಾಲು ಚೆಂಡು ತಡೆಯುವಂತೆ ತಾನೇ ಮುಂದಾಗುತ್ತಿತ್ತು.

ಖಾದರ್ ಅವರದು ಹರಪನಹಳ್ಳಿ ಪೇಟೆಯಲ್ಲಿ ಕಬ್ಬಿಣದ ಅಂಗಡಿ, ಹಿಂದೆಯೇ ಮನೆ. "ಬರ್ರಿ ಸಾರ್, ಹೇಳಿ ಕಳಿಸಿದ್ರ ನಾನೇ ಬರ್ತಿದ್ನಲ್ರಿ" ಎಂದು ಒಳಗೆ ಕರೆದೊಯ್ದರು. ಅವರ ಹೆಂಡತಿ ಚಹಾ ತಂದರು. ಬಂದ ಕಾರಣ ಕೇಳಿ ಖಾದರ್ ಅಂಗಡಿಯ ಕಡೆ ತಿರುಗಿ ನೋಡಿದರು.

"ಕಲಿಸ್ತೀನಿ ಸಾರ್. ಸಂಜಿ ಅಂಗಡಿ ನನ್ನ ತಮ್ಮ ನೋಡ್ಕಂತಾನ. ಆದ್ರ ಒಂದು ಮಾತೈತಿ. ಹುಡುಗ್ರಿಗೆ ಬೂಟು ಹಾಕಿಸ್ತೀನಿ."

ಮಾವನವರು ಚಹಾದ ಬಸಿ ಕೆಳಗಿಟ್ಟರು. "ಚೆಂಡು ಕಾಲಿಗೆ ತಿಳೀಬೇಕಲೇ! ಮದರಾಸಿನ್ಯಾಗ ಬೂಟಿನವರನ್ನ ಬರಿಗಾಲಾಗ ಸೋಲಿಸೀವಿ."

"ಗೆದ್ದದ್ದು ಹೇಳಿದ್ರಿ ಸಾರ್. ಕಾಲು ಮುರಕಂಡವ್ರ ಸುದ್ದಿ ಹೇಳ್ಲಿಲ್ಲ."

ಖಾದರ್ ಪಾದ ಮುಂದೆ ಚಾಚಿದರು. ಎರಡು ಬೆರಳು ಒಂದರ ಮೇಲೊಂದು ಕೂತಿದ್ದವು. ಬಾಗಿಲ ಬಳಿಯಿಂದ ಅವರ ಹೆಂಡತಿ, "ಚಳಿ ಬಂದ್ರ ಇವತ್ತಿಗೂ ಬಿಸಿನೀರಾಗ ಇಟ್ಕಂಡು ಕೂಡ್ತಾರ ಅಕ್ಕಾ" ಎಂದು ನನಗೆ ಹೇಳಿದರು.

ಮಾವನವರು ಕಷ್ಟಪಟ್ಟು ಬಗ್ಗಿ ಆ ಬೆರಳುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಯಾವ ಮ್ಯಾಚಿನ್ಯಾಗ ಆತೋ?"

"ಹೊಸಪೇಟ್ಯಾಗ ಸಾರ್."

"ಅವತ್ತು ಎರಡು ಗೋಲು ಹೊಡದಿದ್ದಿ ನೀನು!"

"ಹೊಡದಿದ್ದೆ. ನಿಮಗ ಹೇಳಿದ್ರ ಮುಂದಿನ ಮ್ಯಾಚಿಗೆ ತಗಳಲ್ಲ ಅಂತ ಬಟ್ಟಿ ಸುತ್ತಿಕ್ಯಂಡು ಸುಮ್ಮನಾದೆ."

ಮಾವನವರು ತುಂಬ ಹೊತ್ತು ಆ ಪಾದ ಬಿಡಲಿಲ್ಲ. ಇವರು ಬೂಟಿಗೆ ಒಪ್ಪುವುದಿಲ್ಲ, ತಂಡವೂ ಹೋಯಿತು, ಶಿಷ್ಯನೂ ಹೋದ ಎಂದುಕೊಂಡೆ. ಚಹಾದ ಮೇಲೆ ಕೆನೆ ಕಟ್ಟಿತ್ತು. ಕಡೆಗೆ, "ಹಾಕಿಸಪ್ಪಾ" ಎಂದರು. ಅಷ್ಟೇ.

ಹಿಂದಿರುಗುವ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ಊರು ಹಿಂದೆ ಸರಿದು, ಜೋಳದ ಹೊಲಗಳ ಮೇಲೆ ಬಿಸಿಲು ಇಳಿಯತೊಡಗಿದ ಮೇಲೆ ನನ್ನತ್ತ ಬಾಗಿ, ಬೇರೆಯವರಿಗೆ ಕೇಳದಂತೆ ಅಂದರು: "ಮೊದಲಿನ ದಿನ ನಾನೂ ಗ್ರೌಂಡಿಗೆ ಹೋಗ್ಬೇಕವಾ. ಅಲ್ಲಾ, ತೊಗಲಿನ ಚೆಂಡಿನ ಬಾಯಿಗೆ ಲೇಸು ಕಟ್ಟೀನಿ, ಅದನ್ನ ಬಿಗಿದು ಒಳಗ ತುರುಕೋದು. ನೀನು ಕಾನ್ವೆಂಟಿನ್ಯಾಗ ಓದಿದಾಕಿ. ಬೂಟಿಂದು ಹ್ಯಾಂಗ ಕಟ್ಟತಾರ?"

ಖಾದರ್ ಅವರ ಹೆಂಡತಿ ಕೊಟ್ಟ ಖರ್ಜೂರದ ಪೊಟ್ಟಣದ ದಾರ ಬಿಚ್ಚಿ, ನನ್ನ ಚೀಲದ ಹಿಡಿಗೆ ಸುತ್ತಿ, ಎರಡು ಕಿವಿ ಮಾಡಿ ಗಂಟು ಹಾಕಿ ತೋರಿಸಿದೆ.

"ತಡಿ, ತಡಿ, ಇನ್ನೊಮ್ಮೆ."

ಕೊಟ್ಟೂರಿನಲ್ಲಿ ಬಸ್ಸು ಬದಲಿಸಿದ ಮೇಲೂ ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟುತ್ತ, ಬಿಚ್ಚುತ್ತ ಕೂತಿದ್ದರು. ಕೂಡ್ಲಿಗಿ ಬಂತೆಂದು ನಾನೇ ಹೇಳಬೇಕಾಯಿತು.